ಆಫ್‌ಸೆಟ್ ಪಕ್ಕದಲ್ಲೊಂದು ಇಂಕ್‌ಜೆಟ್: ಆಷಾಢದಿಂದ ಗಣೇಶನ ಹಬ್ಬದವರೆಗೆ

ಆಷಾಢ, ಮೊದಲ ವಾರ

ನಮ್ಮ ಪ್ರೆಸ್ ಇರುವುದು ತುಮಕೂರಿನ ಅಶೋಕ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ. ಹತ್ತು ಅಡಿ ಅಗಲದ ಅಂಗಡಿ. ಮುಂದೆ ಡಿಟಿಪಿ ಮೇಜು, ಹಿಂದೆ ಮಿನಿ ಆಫ್‌ಸೆಟ್ (ಪ್ಲೇಟ್ ಮಾಡಿಸಿ ಅಚ್ಚು ಹಾಕುವ ಮೆಷಿನ್), ಅದರಾಚೆ ಕಟಿಂಗ್ ಮೆಷಿನ್. ಅಪ್ಪ ಆ ಆಫ್‌ಸೆಟ್ ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಈಗ ರೋಲರ್‌ಗಳು ಸವೆದಿವೆ, ಪ್ಲೇಟಿನ ಖಾಲಿ ಜಾಗಕ್ಕೆ ಇಂಕು ಹತ್ತದಂತೆ ತಡೆಯುವ ನೀರಿನ ಹದ ನಿಲ್ಲುತ್ತಿಲ್ಲ. ರಿಪೇರಿಗೆ ದುಡ್ಡು ಹಾಕುವುದೋ, ಅದೇ ದುಡ್ಡಿಗೆ ಇಂಕ್ ಟ್ಯಾಂಕ್ ಇರುವ ಒಂದು ಎ3 ಇಂಕ್‌ಜೆಟ್ ಪ್ರಿಂಟರ್ ತರುವುದೋ? ಮನೆಯಲ್ಲಿ ಊಟದ ಹೊತ್ತಿಗೆಲ್ಲ ಇದೇ ಮಾತು.

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಪ್ರೆಸ್ಸಿನವರಿಗೆ ಸ್ವಲ್ಪ ಬಿಡುವು ಸಿಗುವ ತಿಂಗಳು. ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯನಿಂದ ಒಂದು ಎ3 ಪ್ರಿಂಟರ್ ಎರಡು ತಿಂಗಳಿಗೆ ಕೇಳಿ ತಂದೆ. ಪೀಜೋ ಹೆಡ್ (ಬಿಸಿ ಮಾಡದೆ ಇಂಕು ಚಿಮ್ಮಿಸುವ ಭಾಗ), ನಾಲ್ಕು ಬಣ್ಣ, ನಾಲ್ಕೂ ಪಿಗ್ಮೆಂಟ್ ಇಂಕ್, ಅಂದರೆ ಬಣ್ಣ ನುಣ್ಣನೆ ಪುಡಿಯಾಗಿ ತೇಲುವ ಇಂಕು. ಪ್ರೂಫ್ ತೆಗೆಯುವುದಕ್ಕೆ ಅಂತ ನಮ್ಮ ಹತ್ತಿರ ಮೊದಲಿಂದ ಒಂದು ಚಿಕ್ಕ ಡೈ ಇಂಕ್ (ಬಣ್ಣ ಪೂರ್ತಿ ಕರಗಿರುವ ಇಂಕು) ಪ್ರಿಂಟರ್ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಬಂದ ಕೆಲಸಗಳನ್ನೇ ಹಾಕಿ ನೋಡುವುದು, ಕಂಡದ್ದನ್ನು ಬರೆದಿಡುವುದು ಅಂತ ತೀರ್ಮಾನ ಮಾಡಿದೆ.

ಮೊದಲ ದಿನ ಪ್ರಿಂಟರ್ ಆನ್ ಮಾಡಲೇ ಇಲ್ಲ. ಜಾಬ್ ಬುಕ್ ತೆಗೆದು ಕೂತೆ. ಹಿಂದಿನ ಮೂರು ತಿಂಗಳಲ್ಲಿ 214 ಕೆಲಸ. ಅದರಲ್ಲಿ 131 ಕೆಲಸ 500 ಪ್ರತಿಯೊಳಗಿನವು. ಅಪ್ಪನಿಗೇ ನಂಬಿಕೆ ಬರಲಿಲ್ಲ, ಎರಡು ಸಲ ಎಣಿಸಿದರು. "ಮೊದಲು ಸಾವಿರಕ್ಕೆ ಕಡಿಮೆ ಯಾರೂ ಕೇಳ್ತಾನೇ ಇರಲಿಲ್ಲ ಕಣೋ" ಅಂದರು. ಈಗ ಆಮಂತ್ರಣ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಹತ್ತಿರದವರಿಗೆ, ಹಿರಿಯರಿಗೆ ಮಾತ್ರ ಕೈಯಲ್ಲಿ ಕಾರ್ಡ್.

ಎರಡನೇ ವಾರ: ದುಡ್ಡಿನ ಲೆಕ್ಕ

ಎ4 ಅಳತೆಯ, ಒಂದೇ ಬಣ್ಣದ ಕೆಲಸ ಹಿಡಿದು ಲೆಕ್ಕ ಹಾಕಿದೆ. ನಮ್ಮ ಆಫ್‌ಸೆಟ್‌ನಲ್ಲಿ ಪ್ಲೇಟ್ 130 ರೂಪಾಯಿ. ಇಂಕು, ನೀರು ಹದಕ್ಕೆ ಬರುವಷ್ಟರಲ್ಲಿ ಹಾಳಾಗುವ 40 ಹಾಳೆಗೆ 28 ರೂಪಾಯಿ. ರೋಲರ್ ವಾಷ್‌ಗೆ 20. ಮುಕ್ಕಾಲು ಗಂಟೆಯ ಕೂಲಿ 75. ಅಂದರೆ ಮೊದಲ ಒಳ್ಳೆ ಪ್ರತಿ ಹೊರಗೆ ಬೀಳುವ ಮುಂಚೆಯೇ 253 ರೂಪಾಯಿ ಹೋಗಿರುತ್ತದೆ. ಆಮೇಲೆ ಪ್ರತಿಗೆ ಇಂಕಿನ ಖರ್ಚು ಬರೀ 4 ಪೈಸೆ.

ಇಂಕ್‌ಜೆಟ್‌ಗೆ ಆ 253 ಇಲ್ಲ. ಇಂಕು ಮಾತ್ರ ಜಾಸ್ತಿ. ಬಾಟಲಿ ಡಬ್ಬದ ಮೇಲಿನ ಪುಟದ ಲೆಕ್ಕವನ್ನು ಹಾಗೇ ನಂಬಬೇಡಿ. ಅದು ಪುಟದ ಸುಮಾರು 5% ಜಾಗಕ್ಕೆ ಮಾತ್ರ ಇಂಕು ಬೀಳುವಂಥ ಹಾಳೆಯ ಲೆಕ್ಕ. ನಮ್ಮ ಕರಪತ್ರದಲ್ಲಿ ಮೇಲೆ ದಪ್ಪ ಪಟ್ಟಿ, ಅದರೊಳಗೆ ಬಿಳಿ ಅಕ್ಷರ, ಕೆಳಗೆ ತುಂಬಿದ ಮ್ಯಾಟರ್. ಅಳೆದು ನೋಡಿದರೆ ಅದರ ಎರಡರಷ್ಟಿದೆ. ಟ್ಯಾಂಕಿನ ಗುರುತು ನೋಡಿಕೊಂಡು, ಪ್ರತಿ ಎಣಿಸಿ, ಬಾಟಲಿ ಬೆಲೆಯಿಂದ ಭಾಗಿಸಿದರೆ ಪ್ರತಿಗೆ 24 ಪೈಸೆ ಬಂತು.

ವ್ಯತ್ಯಾಸ 20 ಪೈಸೆ. ಅಂದರೆ ಸುಮಾರು 1265 ಪ್ರತಿಯವರೆಗೆ ಇಂಕ್‌ಜೆಟ್ ಅಗ್ಗ. ಹೊತ್ತು ಕೂಡ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ಸಾವಿರ ಪ್ರತಿ ತೆಗೆಯಲು ಆಫ್‌ಸೆಟ್‌ಗೆ ಕಾಲು ಗಂಟೆ ಸಾಕು, ಆದರೆ ಸೆಟ್ಟಿಂಗ್‌ಗೆ ಮುಕ್ಕಾಲು ಗಂಟೆ ಬೇಕು. ನಿಮಿಷಕ್ಕೆ 14 ಹಾಳೆಯಂತೆ ಇಂಕ್‌ಜೆಟ್‌ಗೆ ಒಂದು ಗಂಟೆ ಹತ್ತು ನಿಮಿಷ. ಆದರೂ ನಾನು ಗಡಿಯನ್ನು 500ಕ್ಕೇ ಹಾಕಿಕೊಂಡೆ. ಹೆಡ್ ಹೋದರೆ ಬರುವ ಖರ್ಚನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ನನ್ನ ಪ್ರಕಾರ ಅದು ಯಾವತ್ತೋ ಒಂದು ದಿನ ಬಂದೇ ಬರುವ ಖರ್ಚು.

ಆ ಶನಿವಾರ ಸಂಜೆ

ಆರೂವರೆಗೆ ಒಬ್ಬರು ಬಂದರು. ತಾಯಿ ತೀರಿಕೊಂಡು ಐದು ದಿನ. ವೈಕುಂಠ ಸಮಾರಾಧನೆಗೆ 150 ಕಾರ್ಡ್ ಬೇಕು, ಅಮ್ಮನ ಫೋಟೋ ಹಾಕಿ. ಬೆಳಗ್ಗೆ ಮೊದಲ ಬಸ್ಸಿಗೆ ಶಿರಾ ಕಡೆ ಹಂಚಲು ಹೊರಡಬೇಕು. ಇಂಥ ಕೆಲಸವನ್ನು ಆಫ್‌ಸೆಟ್‌ನಲ್ಲಿ ಒಪ್ಪಿಕೊಂಡರೆ ಪ್ಲೇಟ್ ಮಾಡಿಸಿ, ಫೋಟೋ ಚುಕ್ಕಿ ಚೆನ್ನಾಗಿ ಬರುವಂತೆ ಹದ ಮಾಡುವಷ್ಟರಲ್ಲಿ ರಾತ್ರಿ ಹತ್ತು ದಾಟುತ್ತದೆ. ಕೋಟಿಂಗ್ ಇಲ್ಲದ ದಪ್ಪ ಬಿಳಿ ಹಾಳೆ ಇತ್ತು. ಇಂಕ್‌ಜೆಟ್‌ಗೆ ಹಾಕಿದೆ.

ಅರವತ್ತೆರಡನೇ ಕಾರ್ಡ್ ಬೀಳುತ್ತಿತ್ತು. ಅವರು ಒಂದನ್ನು ಕೈಗೆ ತೆಗೆದುಕೊಂಡು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: "ಅಮ್ಮನ ಹೆಸರಲ್ಲಿ ಕೊನೆಗೆ ಮ ಒತ್ತು ಇಲ್ಲ." ನಿಜ. 'ಮ್ಮ' ಅನ್ನುವಲ್ಲಿ ಬರೀ 'ಮ' ಇತ್ತು. ಪ್ರೂಫ್ ನೋಡಿದ್ದು ನಾನೂ ಅವರೂ ಇಬ್ಬರೂ. ಆ ದುಃಖದಲ್ಲಿ ಅವರ ಕಣ್ಣಿಗೆ ಬೀಳದೇ ಇದ್ದದ್ದು ಸಹಜ, ನನ್ನ ಕಣ್ಣಿಗಾದರೂ ಬೀಳಬೇಕಿತ್ತು. ನಿಲ್ಲಿಸಿದೆ, ತಿದ್ದಿದೆ, ಮತ್ತೆ ಮೊದಲಿಂದ 150 ತೆಗೆದೆ. ಎಂಟು ಗಂಟೆಗೆ ಕಾರ್ಡ್ ಕಟ್ಟಿಕೊಟ್ಟೆ. ಪ್ಲೇಟ್ ಆಗಿದ್ದರೆ ಹೊಸ ಪ್ಲೇಟ್, ಮತ್ತೆ ಸೆಟ್ಟಿಂಗ್. ಸಣ್ಣ ಪ್ರೆಸ್ಸಿಗೆ ಇಂಕ್‌ಜೆಟ್ ಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆವತ್ತು.

ಮೂರನೇ ವಾರ: ಪೇಪರ್

ಇದರ ಬಗ್ಗೆ ಜಾಸ್ತಿ ಬರೆಯಬೇಕು. ಎಲ್ಲರೂ ಕೇಳುವುದು ಇಂಕಿನ ಬೆಲೆ. ಆದರೆ ಯಾವ ಕೆಲಸ ಯಾವ ಮೆಷಿನ್‌ಗೆ ಹೋಗಬೇಕು ಅಂತ ಹೇಳುವುದು ಪೇಪರ್.

ಆಫ್‌ಸೆಟ್ ಇಂಕು ಎಣ್ಣೆಯದು, ಗಟ್ಟಿ, ಅಂಟಂಟು. ಬ್ಲಾಂಕೆಟ್ ಅನ್ನುವ ರಬ್ಬರ್ ಹೊದಿಕೆ ಅದನ್ನು ಹಾಳೆಗೆ ಒತ್ತುತ್ತದೆ. ಹಾಳೆ ಹೀರಿಕೊಳ್ಳದಿದ್ದರೂ ಗಾಳಿಗೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ನಮ್ಮ ಇಂಕ್‌ಜೆಟ್ ಇಂಕಿನಲ್ಲಿ ಮುಕ್ಕಾಲು ಪಾಲು ನೀರು. ಹಾಳೆ ಆ ನೀರನ್ನು ಕುಡಿಯಬೇಕು. ಕುಡಿಯದಿದ್ದರೆ ಇಂಕು ಮೇಲೇ ನಿಲ್ಲುತ್ತದೆ.

ಲೇಪ ಇಲ್ಲದ ಮಾಮೂಲಿ ಬಿಳಿ ಹಾಳೆ ಮ್ಯಾಪ್‌ಲಿಥೋ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ತೂಕದ್ದು, ಚೆನ್ನಾಗಿ ಕುಡಿಯುತ್ತದೆ. ಸ್ವಲ್ಪ ಜಾಸ್ತಿಯೇ ಕುಡಿಯುತ್ತದೆ. ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು 7 ಪಾಯಿಂಟ್ ಅಕ್ಷರ ನೋಡಿದೆ. 'ಲಕ್ಷ್ಮಿ' ಅನ್ನುವ ಪದದಲ್ಲಿ ಷ ಮತ್ತು ಮ ಒತ್ತುಗಳು ಒಂದರ ಕೆಳಗೊಂದು ಕೂತಿರುತ್ತವಲ್ಲ, ಆಫ್‌ಸೆಟ್‌ನಲ್ಲಿ ಅವುಗಳ ನಡುವೆ ಕೂದಲೆಳೆಯಷ್ಟು ಬಿಳಿ ಉಳಿದಿತ್ತು. ಡೈ ಇಂಕಿನಲ್ಲಿ ಅದು ಮುಚ್ಚಿಹೋಗಿ ಒಂದು ಕಪ್ಪು ಗಂಟಾಗಿತ್ತು. ಪಿಗ್ಮೆಂಟ್‌ನಲ್ಲಿ ಬಿಳಿ ಉಳಿದಿತ್ತು, ಅಂಚು ಮಾತ್ರ ಹತ್ತಿಬಟ್ಟೆಯ ಹಾಗೆ ಸ್ವಲ್ಪ ಜುಂಗು ಜುಂಗು. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. 9 ಪಾಯಿಂಟ್‌ನಿಂದ ಮೇಲೆ ಮೂರೂ ಓದಲು ಚೆನ್ನಾಗಿವೆ.

ಮೂರರ ಮೇಲೂ ಒಂದೊಂದು ಹನಿ ನೀರು ಬಿಟ್ಟೆ. ಡೈ ಇಂಕು ನೀಲಿ, ಗುಲಾಬಿ ಆಗಿ ಹರಡಿತು. ಪಿಗ್ಮೆಂಟ್ ಅಲ್ಲಾಡಲಿಲ್ಲ. ಬಿಸಿಲಿಗೆ ಅಂತ ಶಟರ್ ಪಕ್ಕದ ಗೋಡೆಗೆ ಮೂರೂ ಪಟ್ಟಿ ಅಂಟಿಸಿ, ಅರ್ಧಕ್ಕೆ ರಟ್ಟು ಮುಚ್ಚಿದೆ. ಮೂರು ವಾರಕ್ಕೆ ರಟ್ಟು ತೆಗೆದರೆ ಡೈ ಇಂಕಿನ ಗುಲಾಬಿ ಮಂಕಾಗಿತ್ತು, ಮಿಕ್ಕ ಎರಡು ಹಾಗೇ ಇದ್ದವು. ಡೈ ಇಂಕ್ ಪ್ರಿಂಟರ್ ಇನ್ನು ಪ್ರೂಫ್‌ಗೆ ಮಾತ್ರ.

ಇನ್ನು ರೆಡಿಮೇಡ್ ಕಾರ್ಡ್. ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ತರುತ್ತೇವಲ್ಲ, ಚಿನ್ನದ ಗಣಪತಿ ಅಚ್ಚು, ಮುತ್ತಿನ ಹೊಳಪು. ಅದರ ಒಳಗೆ ಮ್ಯಾಟರ್ ಹಾಕುವುದೇ ನಮ್ಮ ಕೆಲಸ. ಮುತ್ತಿನ ಹೊಳಪಿನ ಕಾರ್ಡ್ ಮೇಲೆ ಇಂಕ್‌ಜೆಟ್ ಮೊದಲು ಅದ್ಭುತವಾಗಿ ಕಂಡಿತು, ಅಕ್ಷರ ಕತ್ತರಿಸಿಟ್ಟ ಹಾಗೆ. ಹತ್ತು ನಿಮಿಷ ಬಿಟ್ಟು ಬೆರಳಾಡಿಸಿದೆ, ಮುಹೂರ್ತದ ಸಾಲು ಬೆರಳಿಗೆ ಬಂತು. ಮಾರನೇ ದಿನ ನೋಡಿದೆ, ಬಂತು. ಮೂರನೇ ದಿನವೂ ಬಂತು. ನುಣುಪು ಲೇಪ ಇರುವ ಆರ್ಟ್ ಪೇಪರ್‌ನಲ್ಲೂ ಇದೇ ಕಥೆ, ದಪ್ಪ ಬಣ್ಣ ಇದ್ದ ಕಡೆ ಹನಿ ಹನಿಯಾಗಿ ಗುಂಪುಗೂಡಿತ್ತು. ಇಂಕ್‌ಜೆಟ್‌ಗೇ ಅಂತ ಲೇಪ ಇರುವ ಗ್ಲಾಸಿ ಹಾಳೆ ಸಿಗುತ್ತದೆ. ಆದರೆ ಗಿರಾಕಿ ಆರಿಸಿಕೊಳ್ಳುವುದು ಆ ಮುತ್ತಿನ ಕಾರ್ಡನ್ನೇ. ಅವರ ಮನೆ ಮದುವೆ, ಅವರ ಇಷ್ಟ.

ಆವತ್ತು ರಾತ್ರಿ ಆ 131 ಕೆಲಸಗಳನ್ನು ಮತ್ತೆ ಪೇಪರ್ ಪ್ರಕಾರ ಬೇರೆ ಮಾಡಿದೆ. 58 ರೆಡಿಮೇಡ್ ಕಾರ್ಡ್ ಮತ್ತು ಆರ್ಟ್ ಬೋರ್ಡ್. 19 ಎನ್‌ಸಿಆರ್ (ಕಾರ್ಬನ್ ಇಡದೆ ಕೆಳಗಿನ ಹಾಳೆಗೆ ನಕಲು ಬೀಳುವ ಪೇಪರ್) ಬಿಲ್ ಬುಕ್. ಉಳಿದದ್ದು 54. ಅಂದರೆ ಒಟ್ಟು 214ರಲ್ಲಿ ಇಂಕ್‌ಜೆಟ್ ಯಾವ ತಕರಾರೂ ಇಲ್ಲದೆ ಮಾಡುವುದು ನಾಲ್ಕರಲ್ಲಿ ಒಂದು ಕೆಲಸ. ಜಾಬ್ ಬುಕ್‌ನಲ್ಲಿ 131 ನೋಡಿ ಕುಣಿದಾಡಿದ್ದ ನನಗೆ ಇದನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಆಷಾಢ ಮುಗಿಯುವ ಹೊತ್ತಿಗೆ

ಊರಿನ ಹಬ್ಬಕ್ಕೆ ಹೋಗಿ ಒಂಬತ್ತು ದಿನ ಪ್ರೆಸ್ ಮುಚ್ಚಿದ್ದೆವು. ಬಂದು ಆಫ್‌ಸೆಟ್ ಮೇಲಿನ ಬಟ್ಟೆ ತೆಗೆದು, ಮೋಟಾರು ಹಾಕಿದರೆ ಓಡಿತು. ಇಂಕ್‌ಜೆಟ್‌ನಲ್ಲಿ ನಾಜಲ್ (ಇಂಕು ಚಿಮ್ಮುವ ಸಣ್ಣ ತೂತು) ಕಟ್ಟಿದೆಯಾ ಅಂತ ತೋರಿಸುವ ಚೆಕ್ ಪುಟ ತೆಗೆದರೆ ಹಳದಿಯಲ್ಲಿ ಅರ್ಧ ಗೆರೆ ಇಲ್ಲ. ಹೆಡ್ ಕ್ಲೀನಿಂಗ್ ಮೂರು ಸಲ ಮಾಡಿದ ಮೇಲೆ ಸರಿಹೋಯಿತು. ಹಾಗೆ ಎಳೆದ ಇಂಕೆಲ್ಲ ಮೆಂಟೆನೆನ್ಸ್ ಬಾಕ್ಸ್‌ಗೆ ಹೋಗುತ್ತದೆ. ಇಂಕೂ ಹೋಯಿತು, ಬಾಕ್ಸೂ ತುಂಬಿತು. ಈಗ ದಿನಾ ಬೆಳಗ್ಗೆ ದೀಪ ಹಚ್ಚಿದ ಮೇಲೆ ನಾಲ್ಕೂ ಬಣ್ಣ ಇರುವ ಒಂದು ಸಣ್ಣ ಪುಟ ತೆಗೆಯುತ್ತೇನೆ.

ಇನ್ನೊಂದು, ಯುಪಿಎಸ್ ಕಡ್ಡಾಯ. ಕರೆಂಟ್ ಹೋದರೆ ಹೆಡ್ ಹಾಳೆಯ ನಡುವೆಯೇ ನಿಂತುಬಿಡುತ್ತದೆ. ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಂಡರೆ ಮಾತ್ರ ನಾಜಲ್ ಒಣಗುವುದಿಲ್ಲ. ಈ ಪ್ರಿಂಟರ್ ಎಳೆಯುವ ಕರೆಂಟ್ ಕಡಿಮೆ, ಕಂಪ್ಯೂಟರಿನ ಯುಪಿಎಸ್ಸೇ ಸಾಕಾಯಿತು.

ಶ್ರಾವಣ: ಬಿಲ್ ಬುಕ್

ತಿಪಟೂರು ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಬಿಲ್ ಬುಕ್. 10 ಪುಸ್ತಕ, ಒಂದೊಂದರಲ್ಲಿ 50 ಸೆಟ್. ಸೆಟ್‌ಗೆ ಬಿಳಿ, ಗುಲಾಬಿ, ಹಳದಿ ಮೂರು ಹಾಳೆ. ಜಿಎಸ್‌ಟಿ ನಿಯಮದ ಪ್ರಕಾರ ಸರಕಿನ ಬಿಲ್ ಮೂರು ಪ್ರತಿ. ಮೊದಲನೆಯದು ಕೊಂಡವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಮಾರಿದವರಿಗೆ. ನಂಬರ್ ಒಂದಾದ ಮೇಲೊಂದು ಸಾಲಾಗಿ ಇರಬೇಕು. ಆಫ್‌ಸೆಟ್‌ನಲ್ಲಿ ಮ್ಯಾಟರ್ ಹೊಡೆದ ಮೇಲೆ ನಂಬರಿಂಗ್ ಮೆಷಿನ್‌ನಲ್ಲಿ ಕೈಯಿಂದ ಕುಟ್ಟಬೇಕು. ಇಂಕ್‌ಜೆಟ್‌ನಲ್ಲಿ ಮ್ಯಾಟರ್, ನಂಬರ್, ಎಷ್ಟನೇ ಪ್ರತಿ ಅನ್ನುವುದು, ಎಲ್ಲ ಒಂದೇ ಸಲ.

ಮೊದಲು ಬಿಳಿ 500, ಆಮೇಲೆ ಗುಲಾಬಿ 500, ಆಮೇಲೆ ಹಳದಿ ಅಂತ ತೆಗೆದೆ. ಅದೇ ತಪ್ಪು. ಗುಲಾಬಿಯಲ್ಲಿ 218ರ ಹತ್ತಿರ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗಿದ್ದವು. ಒಂದು ಖಾಲಿ ಹಾಳೆ ನಡುವೆ ಸೇರಿ, ಅಲ್ಲಿಂದ ಮುಂದೆ ಸೆಟ್ ಎಲ್ಲ ಒಂದು ನಂಬರ್ ಆಚೀಚೆ. ಬೈಂಡಿಂಗ್ ಹೊತ್ತಿಗೆ ಗೊತ್ತಾಯಿತು. ಮುಂದಿನ ಆರ್ಡರಿಗೆ ಹಾಳೆಗಳನ್ನು ಬಿಳಿ, ಗುಲಾಬಿ, ಹಳದಿ ಅಂತ ಮೊದಲೇ ಜೋಡಿಸಿ ಟ್ರೇಗೆ ಹಾಕಿದೆ, ಫೈಲನ್ನೂ ಅದೇ ಕ್ರಮದಲ್ಲಿ ಕಳಿಸಿದೆ. ಈಗ ಒಂದು ಹಾಳೆ ಜಾಸ್ತಿ ಹೋದರೂ ಗುಲಾಬಿ ಮೇಲೆ 'ಮೊದಲನೇ ಪ್ರತಿ' ಅಂತ ಬಿದ್ದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಹಾಳೆ ಚೆನ್ನಾಗಿ ಬಿಡಿಸಿ, ಸ್ವಲ್ಪ ಸ್ವಲ್ಪವೇ ಹಾಕಬೇಕು. ಹೀಗೆ ಆ 19 ಕೆಲಸವೂ ಈ ಕಡೆ ಬಂದವು. 54 ಇದ್ದದ್ದು 73 ಆಯಿತು, ಮೂರರಲ್ಲಿ ಒಂದು.

ನಡುವೆ ರಿಸೋ ಕಂಪನಿಯ ಕಾಮ್‌ಕಲರ್ ಬಗ್ಗೆಯೂ ಓದಿದೆ. ಅದೂ ಇಂಕ್‌ಜೆಟ್ಟೇ, ಎಣ್ಣೆ ಇಂಕು, ಅದರ ಒಂದು ಮಾಡೆಲ್ ನಿಮಿಷಕ್ಕೆ 160 ಹಾಳೆ ತೆಗೆಯುತ್ತದೆ. ನಮ್ಮ ಹತ್ತು ಅಡಿ ಅಂಗಡಿಗೆ, ನಮ್ಮ ಕೈಯಲ್ಲಿರುವ ದುಡ್ಡಿಗೆ ಅದು ದೂರದ ಮಾತು.

ಒಬ್ಬರು ಕೇಳಿದರು, ಪ್ರಿಂಟರ್‌ನಲ್ಲಿ ತೆಗೆದ ಚುನಾವಣಾ ಕರಪತ್ರಕ್ಕೆ ಪ್ರೆಸ್ಸಿನ ಹೆಸರು ಬೇಡ ಅಲ್ವಾ ಅಂತ. ಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಕೈಯಲ್ಲಿ ನಕಲು ಬರೆಯುವುದೊಂದನ್ನು ಬಿಟ್ಟು ಪ್ರತಿ ಹೆಚ್ಚಿಸುವ ಯಾವ ವಿಧಾನವಾದರೂ ಮುದ್ರಣವೇ. ಇಂಕ್‌ಜೆಟ್ ಇಟ್ಟುಕೊಂಡವರೂ ಮುದ್ರಕರೇ. ಹೆಸರು, ವಿಳಾಸ ಹಾಕಲೇಬೇಕು.

ಗಣೇಶನ ಹಬ್ಬದ ಮುಂಚೆ

ಚಂದಾ ರಸೀದಿ ಪುಸ್ತಕ. ನಮ್ಮ ಬಡಾವಣೆ ಹುಡುಗರು 20 ಪುಸ್ತಕ ಹೇಳಿದರು, ಒಂದಕ್ಕೆ 50 ರಸೀದಿ, ಒಟ್ಟು 1000. ಮೂಲೆಯಲ್ಲಿ ಬಣ್ಣದ ಗಣಪ. ಒಂದು ಹಾಳೆಗೆ ಎರಡು ರಸೀದಿ, 500 ಹಾಳೆ. ಸರಿಯಾಗಿ ಇಂಕ್‌ಜೆಟ್ ಕೆಲಸ. ಮೇಲೆ 1, ಕೆಳಗೆ 2, ಮುಂದಿನ ಹಾಳೆಯಲ್ಲಿ 3, 4 ಅಂತ ಫೈಲ್ ಮಾಡಿ ಹತ್ತು ಹಾಳೆ ತೆಗೆದಿದ್ದೆ.

ನಮ್ಮ ಮಾಸ್ಟ್ರು ಅಪ್ಪನ ಕಾಲದಿಂದ ಆಫ್‌ಸೆಟ್ ಓಡಿಸುತ್ತಿರುವವರು. ಈ ಎರಡು ತಿಂಗಳು ಪ್ರಿಂಟರ್ ಹತ್ತಿರ ಬಂದಿರಲಿಲ್ಲ. ಇದು ಬಂದರೆ ತಮ್ಮ ಕೆಲಸ ಹೋಗುತ್ತದೆ ಅನ್ನುವ ಚಿಂತೆ ಅವರಿಗೆ ಇತ್ತು, ನನಗೂ ಗೊತ್ತಿತ್ತು. ಆವತ್ತು ಕೈ ಒರೆಸಿಕೊಳ್ಳುತ್ತಾ ಬಂದು ಒಂದು ಹಾಳೆ ಎತ್ತಿ ನೋಡಿದರು.

"ಕಟ್ ಮಾಡಿದ್ಮೇಲೆ ಏನಾಗುತ್ತೆ ಹೇಳಪ್ಪ?"

ಯೋಚನೆ ಮಾಡಿದೆ. ಒಂದು ಕಟ್ಟಿನಲ್ಲಿ ಬರೀ 1, 3, 5. ಇನ್ನೊಂದರಲ್ಲಿ 2, 4, 6. ಸಾವಿರ ರಸೀದಿಯನ್ನು ಒಂದೊಂದಾಗಿ ಹೆಣೆಯಬೇಕು.

"ಮೇಲೆ ಒಂದು ಹಾಕು, ಕೆಳಗೆ ಐನೂರ ಒಂದು ಹಾಕು. ಮುಂದಿನ ಹಾಳೆಗೆ ಎರಡು, ಐನೂರ ಎರಡು. ಕಟ್ ಮಾಡಿ ಈ ಕಟ್ಟಿನ ಕೆಳಗೆ ಆ ಕಟ್ಟು ಇಟ್ರೆ ಮುಗೀತು. ನಂಬರಿಂಗ್ ಬಾಕ್ಸ್‌ನಲ್ಲಿ ನಾವು ಮಾಡ್ತಿದ್ದಿದ್ದೂ ಹಿಂಗೇನೆ."

ಫೈಲ್ ಬದಲಾಯಿಸಿದೆ. ಐನೂರು ಹಾಳೆ ತೆಗೆದು, ಅವರೇ ಕಟಿಂಗ್ ಮಾಡಿದರು, ಪರ್ಫೊರೇಷನ್ ಹಾಕಿದರು. 500 ಮುಗಿದ ಕಡೆ 501 ಕೂತಿತ್ತು.

ಆಫ್‌ಸೆಟ್‌ಗೆ ಹೊಸ ರೋಲರ್ ಹೇಳಿ ಕಳಿಸಿದ್ದೇವೆ. ಮದುವೆ ಕಾರ್ಡ್ ಮತ್ತು ಐನೂರರ ಮೇಲಿನ ಕೆಲಸ ಅದಕ್ಕೆ. ಗೆಳೆಯನ ಪ್ರಿಂಟರ್ ಹಬ್ಬ ಮುಗಿದ ಮೇಲೆ ವಾಪಸ್ ಹೋಗುತ್ತದೆ, ಅಂಥದ್ದೇ ಒಂದು ನಾವೂ ಕೊಳ್ಳುತ್ತೇವೆ. ಬೆಳಗ್ಗೆ ನಾಲ್ಕು ಬಣ್ಣದ ಪುಟ ತೆಗೆಯುವ ಕೆಲಸವನ್ನು ಈಗ ಮಾಸ್ಟ್ರೇ ಮಾಡುತ್ತಿದ್ದಾರೆ. ಮುಂದಿನ ಪ್ರಯೋಗ, ಕೋಟಿಂಗ್ ಇಲ್ಲದ ಹಾಳೆಯಲ್ಲಿ ಮದುವೆ ಕಾರ್ಡ್‌ನ ಒಳಪುಟ ಬೇರೆ ತೆಗೆದು, ಮುತ್ತಿನ ಕಾರ್ಡ್ ಒಳಗೆ ಅಂಟಿಸಿದರೆ ಹೇಗೆ ಕಾಣುತ್ತದೆ ಅಂತ. ಸ್ಯಾಂಪಲ್ ಎರಡು ಮಾಡಿಟ್ಟಿದ್ದೇನೆ, ಅಂಟು ಇನ್ನೂ ಒಣಗುತ್ತಿದೆ.