ನೂರು ಅಂಚೆಚೀಟಿ ಕೇಳಿದವರ ಮುಖ

ಮ್ಯೂನಿಕ್ ವಿಶ್ವವಿದ್ಯಾಲಯದ ಬಾಗಿಲೆದುರು ಕಾಗದಗಳು ಚೆಲ್ಲಾಡಿದ್ದವು. ಬಗ್ಗಿ ಒಂದನ್ನು ಎತ್ತಲು ಹೋದೆ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ದುಡಿದವನಿಗೆ ಬಿದ್ದ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆರಳಿಗೆ ತಣ್ಣನೆಯ ಪಿಂಗಾಣಿ ತಗುಲಿತು. ಅವು ನೆಲದಲ್ಲಿ ಹುದುಗಿಸಿದ ಕರಪತ್ರಗಳು.

"ಸ್ಮಾರಕ ಅಪ್ಪಾ, ಏಳಿ" ಎಂದು ಮಗಳು ನಕ್ಕಳು.

ಒಳಗೆ ಎತ್ತರದ ಗಾಜಿನ ಸೂರಿನ ಹಜಾರ. 1943ರ ಫೆಬ್ರವರಿ 18ರಂದು ಇಲ್ಲಿನ ವಿದ್ಯಾರ್ಥಿ ಹಾನ್ಸ್ ಶೋಲ್ ಮತ್ತು ಅವನ ತಂಗಿ ಸೋಫಿ, ಮುಚ್ಚಿದ್ದ ತರಗತಿಗಳ ಹೊರಗೆ ಹಿಟ್ಲರನ ವಿರುದ್ಧದ ಕರಪತ್ರಗಳನ್ನಿಟ್ಟು, ಉಳಿದ ಕಟ್ಟನ್ನು ಮೇಲಿನ ಕಟಕಟೆಯಿಂದ ಕೆಳಗೆ ತಳ್ಳಿದ್ದು ಇಲ್ಲಿಯೇ. ಕಟ್ಟಡದ ನೌಕರನೊಬ್ಬ ನೋಡಿ ಹಿಡಿದುಕೊಟ್ಟ. ನಾಲ್ಕೇ ದಿನ. 22ರಂದು ವಿಚಾರಣೆ, ಅದೇ ಸಂಜೆ ಶಿರಚ್ಛೇದ. ಸೋಫಿಗೆ 21, ಹಾನ್ಸ್‌ಗೆ 24. ಜೊತೆಗೆ ಸತ್ತ ಕ್ರಿಸ್ಟೋಫ್ ಪ್ರೋಬ್ಸ್ಟ್‌ಗೆ 23 ವರ್ಷ, ಮೂವರು ಮಕ್ಕಳು.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಮಗಳು ಜರ್ಮನ್ ಫಲಕಗಳಿಂದ ಓದಿ ಹೇಳಿದಳು. 'ಬಿಳಿ ಗುಲಾಬಿ' ಎಂಬ ಗುಪ್ತ ಗುಂಪಿನ ಈ ಹುಡುಗರು ದೂರವಾಣಿ ಪುಸ್ತಕದಿಂದ ವಿಳಾಸ ಹೆಕ್ಕಿ ಸಾವಿರಗಟ್ಟಲೆ ಕಾಗದ ಅಂಚೆಗೆ ಹಾಕಿದರು. ಗುರುತು ಹತ್ತದಂತೆ ರೈಲಿನಲ್ಲಿ ಬೇರೆ ಊರುಗಳಿಗೆ ಒಯ್ದು ಅಲ್ಲಿ ಹಾಕಿದರು. ಕಾಗದ, ಲಕೋಟೆ, ಅಂಚೆಚೀಟಿ ಎಲ್ಲವನ್ನೂ ಸ್ವಲ್ಪಸ್ವಲ್ಪವೇ, ಬೇರೆಬೇರೆ ಕಡೆ ಕೊಂಡರು.

ಏಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೌಂಟರಿನಲ್ಲಿ ಎರಡು ಚೀಟಿ ಕೇಳಿದವರ ಮುಖ ನಾವು ನೋಡುವುದೇ ಇಲ್ಲ. ನೂರು ಕೇಳಿದರೆ ತಲೆ ತಾನಾಗಿ ಮೇಲೇಳುತ್ತದೆ: ಮದುವೆಯೋ, ಸಂಘದ ಸಭೆಯೋ? ಆ ಕುತೂಹಲ ಅಲ್ಲಿ ಒಬ್ಬರ ಕೊರಳಿಗೆ ಬರುತ್ತಿತ್ತು. ಮೇಲಿನಿಂದ ಕಟ್ಟು ತಳ್ಳಲು ಒಂದು ಗಳಿಗೆಯ ಆವೇಶ ಸಾಕೇನೋ. ಐದು, ಹತ್ತು ಚೀಟಿಗಳಿಗಾಗಿ ದಿನಾ ಒಂದೊಂದು ಸಾಲಿನಲ್ಲಿ ನಿಂತು, ಮುಖದಲ್ಲಿ ಏನೂ ತೋರಗೊಡದೆ ಚಿಲ್ಲರೆ ಎಣಿಸುವುದಕ್ಕೆ ಬೇರೆಯೇ ಎದೆ ಬೇಕು.

ಆಗಿನ ಸಾಮಾನ್ಯ ಚೀಟಿಯ ಮೇಲೆ ಹಿಟ್ಲರನದೇ ತಲೆ. ಅವನ ಬಾಯಿಂದ ಬರುವ ಪ್ರತಿ ಮಾತೂ ಸುಳ್ಳು ಎಂದು ಬರೆದದ್ದನ್ನು ಅವನ ತಲೆಯನ್ನೇ ಅಂಟಿಸಿ ಕಳಿಸಬೇಕು! ನನಗೆ ನಗು ಬಂತು. ಅವರೂ ನಕ್ಕಿರಬೇಕು, ಆ ವಯಸ್ಸಿನವರಲ್ಲವೇ.

ಸಂಜೆ ಊರಿಗೆ ಕಾಗದ ಹಾಕಲು ಅಂಚೆ ಕಚೇರಿಗೆ ಹೋದೆವು. ಎರಡು ಚೀಟಿ ಕೇಳಿದೆ. ಕೌಂಟರಿನ ಹೆಂಗಸು ತಲೆ ಎತ್ತಲಿಲ್ಲ.