ತಿಗರಿ ಇಲ್ಲದೆ ಮಾಡಿದ ಕರಿ ಮಡಕೆ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಬಂದು ನೆಲೆಸಿದ ಮೇಲೆ, ಊರಿಂದ ಯಾರೇ ಬರಲಿ, ಮಾರಿಯಾ ಮಾರ್ಟಿನೆಜ್ ಮಾಡಿದ ಮಡಕೆಗಳನ್ನು ತೋರಿಸದೆ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಮುಖ ಕಾಣುವಷ್ಟು ಹೊಳೆಯುವ ಕಪ್ಪು ಮೈ. ಅದರ ಮೇಲೆ ಹೊಳಪಿಲ್ಲದ ಕಪ್ಪಿನಲ್ಲೇ ಬರೆದ, ಕೊಂಬುಳ್ಳ ಜಲಸರ್ಪ ‘ಅವಾನ್ಯು’.

ಮಾರಿಯಾ ಇಲ್ಲಿನ ರಾಜಧಾನಿ ಸಾಂಟಾ ಫೆ ಹತ್ತಿರದ ಸ್ಯಾನ್ ಇಲ್ಡೆಫಾನ್ಸೊ ಎಂಬ ಪ್ವೆಬ್ಲೊದವರು; ಪ್ವೆಬ್ಲೊ ಎಂದರೆ ಇಲ್ಲಿನ ಮೂಲನಿವಾಸಿಗಳ ಹಳ್ಳಿ. ಅಲ್ಲಿನ ಮೂಲನಿವಾಸಿಗಳ ಮಾತು ತೇವಾ. ಹುಡುಗಿಯಾಗಿದ್ದಾಗಲೇ ಬಂಧುಗಳಾದ ನಿಕೊಲಾಸಾ ಪೆನ್ಯಾ ಅವರನ್ನು ನೋಡುತ್ತ ಮಣ್ಣಿನ ಕೆಲಸ ಕಲಿತರು. 1908ರ ಸುಮಾರಿಗೆ ಪುರಾತತ್ವಜ್ಞ ಎಡ್ಗರ್ ಹೆವೆಟ್, ಹತ್ತಿರದಲ್ಲೇ ಅಗೆದಾಗ ಸಿಕ್ಕ ಹಳೆಯ ಚೂರುಗಳನ್ನು ತೋರಿಸಿ, ಅಂಥದ್ದನ್ನು ಮಾಡಿಕೊಡುವಿರಾ ಎಂದು ಕೇಳಿದರು. ಪೂರ್ವಿಕರ ಕೈಕೆಲಸವನ್ನು ಮತ್ತೆ ಹುಡುಕುವ ದಾರಿ ತೆರೆದದ್ದು ಹಾಗೆ. ಮಡಕೆ ಕಟ್ಟುವುದು ಮಾರಿಯಾ, ಚಿತ್ತಾರ ಬರೆಯುವುದು ಗಂಡ ಜೂಲಿಯನ್. ಕಪ್ಪಿನ ಮೇಲೆ ಕಪ್ಪು ಚಿತ್ತಾರ ಅವರಿಗೆ ಕೈಗೂಡಿದ್ದು 1919ರ ಹೊತ್ತಿಗೆ.

ತಿಗರಿ ಇಲ್ಲವೇ ಇಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ ನಾದಿ, ಹೊಸೆದ ಮಣ್ಣಿನ ಎಳೆಗಳನ್ನು ಒಂದರ ಮೇಲೊಂದು ಸುತ್ತಿ ಗೋಡೆ ಎತ್ತುತ್ತಾರೆ. ಒಣ ಸೋರೆಬುರುಡೆಯ ಚೂರಿನಿಂದ ಹೆರೆದು ನಯಮಾಡುತ್ತಾರೆ. ಆಮೇಲೆ ತಿಳಿಮಣ್ಣು ಬಳಿದು, ಅದರ ಪಸೆ ಆರುವ ಮೊದಲೇ ನುಣುಪು ಕಲ್ಲಿನಿಂದ ಬಿಡದೆ ಉಜ್ಜಬೇಕು. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬರುವ ಆಸ್ತಿ ಈ ಕಲ್ಲು. ಸುಡುವುದು ಬಯಲಿನಲ್ಲಿ, ನಮ್ಮ ಬೆರಣಿಯಂಥ ಒಣ ಸಗಣಿಯ ಬೆಂಕಿಯಲ್ಲಿ. ಕಾವು ಹದಕ್ಕೆ ಬಂದಾಗ ಕುದುರೆ ಲದ್ದಿಯ ಪುಡಿ ಸುರಿದು ಉರಿಯನ್ನು ಅಡಗಿಸುತ್ತಾರೆ. ಗಾಳಿಯಾಡದೆ ಹೊಗೆ ಒಳಗೇ ಸುತ್ತುತ್ತದೆ, ಕೆಂಪು ಮಣ್ಣು ಕಪ್ಪಾಗುತ್ತದೆ. ಮುಚ್ಚದೆ ಬಿಟ್ಟರೆ ಅದೇ ಮಡಕೆ ಕೆಂಪಾಗಿಯೇ ಹೊರಬರುತ್ತದೆ!

ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಇನ್ನೊಂದು ಕಾರಣಕ್ಕೆ. ಈ ವಿದ್ಯೆಯನ್ನು ಮಾರಿಯಾ ಮುಚ್ಚಿಡಲಿಲ್ಲ, ಊರಿನವರಿಗೆಲ್ಲ ಕಲಿಸಿದರು. ತಮ್ಮ ಹೆಸರಿದ್ದರೆ ಒಳ್ಳೆಯ ಬೆಲೆ ಬರುತ್ತದೆಂದು ನೆರೆಯವರ ಮಡಕೆಗಳಿಗೂ ಸಹಿ ಹಾಕಿಕೊಟ್ಟರು. ಸಂಗ್ರಾಹಕರಿಗೆ ಅದು ತಲೆನೋವಾಗಿರಬಹುದು. ಊರೆಲ್ಲ ಒಟ್ಟಿಗೆ ಬಾಳುವ ಆ ಜನಕ್ಕೆ ಅದು ಸಹಜವೇ. 1943ರಲ್ಲಿ ಜೂಲಿಯನ್ ತೀರಿಕೊಂಡ ಮೇಲೆ ಸೊಸೆ ಸಾಂಟಾನಾ, ಮುಂದೆ ಮಗ ಪೊಪೊವಿ ಡಾ ಚಿತ್ತಾರಕ್ಕೆ ಕೂತರು. 1980ರಲ್ಲಿ ಮಾರಿಯಾ ಹೋದರು. ಮರಿಮಕ್ಕಳ ತಲೆಮಾರು ಕೆಲಸ ಮುಂದುವರಿಸಿತು.

ಇತ್ತ ಬರುವವರಿದ್ದರೆ ಆಗಸ್ಟ್‌ನಲ್ಲಿ ಬನ್ನಿ. 1922ರಲ್ಲಿ ಶುರುವಾದ ಸಾಂಟಾ ಫೆಯ ಇಂಡಿಯನ್ ಮಾರ್ಕೆಟ್, ಅಂದರೆ ಅಮೆರಿಕದ ಮೂಲನಿವಾಸಿ ಕಲಾವಿದರ ಸಂತೆ, ನಡೆಯುವುದು ಆಗಲೇ. ಮಡಕೆ ಮಾಡಿದವರೇ ಮಳಿಗೆಯಲ್ಲಿ ಕೂತಿರುತ್ತಾರೆ, ಮಾತಾಡಿಸಿ.