ಉಣ್ಣೋಕೂ ಸಾಲವೇನವ್ವ?

12 ಸೆಪ್ಟೆಂಬರ್ 2025, ಶುಕ್ರವಾರ
ವಿದ್ಯಾನಗರ, ದಾವಣಗೆರೆ

ಇವತ್ತು ಅಪ್ಪನಿಗೆ ಆ ₹3,200 ವಿಷಯ ಹೇಳಿಬಿಟ್ಟೆ. ಎರಡು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡಿದ್ದೆ.

ನನ್ನ ಓದಿಗೆ ಬ್ಯಾಂಕಿನಿಂದ ಶಿಕ್ಷಣ ಸಾಲ ತಗೊಂಡಿದ್ದೇವೆ. ಮೊದಲ ವರ್ಷ ಬ್ಯಾಂಕಿನವರು ಕಾಲೇಜಿನ ಫೀಸನ್ನು ನೇರ ಕಾಲೇಜಿಗೆ ಕಳಿಸಿದರು. ಪುಸ್ತಕಕ್ಕೆ ಅಂತ ₹8,000 ನನ್ನ ಖಾತೆಗೆ ಬಂತು. ನಾನು ಸೀನಿಯರ್ ಅಕ್ಕಂದಿರ ಹಳೇ ಪುಸ್ತಕ ತಗೊಂಡೆ, ಕ್ಯಾಲ್ಕ್ಯುಲೇಟರ್, ಡ್ರಾಯಿಂಗ್ ಸಾಮಾನು ತಗೊಂಡೆ. ಒಟ್ಟು ₹4,800 ಆಯ್ತು. ಉಳಿದದ್ದು ಬಸ್ಸಿಗೆ, ಮಧ್ಯಾಹ್ನದ ಊಟಕ್ಕೆ ಹೋಯಿತು.

ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅದು ಬಂದಿದ್ದರಿಂದಲೇ ಅವ್ವ ನನ್ನನ್ನು ದಾವಣಗೆರೆಗೆ ಕಳಿಸಲು ಒಪ್ಪಿದ್ದು, ಅದನ್ನು ಮರೆಯಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಜಗಳೂರು ತಾಲ್ಲೂಕಿನ ನಮ್ಮೂರ ಕ್ರಾಸಿಗೆ ಬೆಳಿಗ್ಗೆ ಬರುವ ಸರ್ಕಾರಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅದು ತಪ್ಪಿದರೆ ಪ್ರೈವೇಟ್ ಬಸ್ಸೇ ಗತಿ, ಅದಕ್ಕೆ ಟಿಕೆಟ್ ಕೊಡಬೇಕು. ಸಂಜೆ ಲ್ಯಾಬ್ ಮುಗಿಸಿ ಹೊರಟರೆ ಮನೆ ಸೇರುವಾಗ ಎಂಟು ದಾಟುತ್ತಿತ್ತು. ಕ್ರಾಸಿನಲ್ಲಿ ಅಪ್ಪ ಬ್ಯಾಟರಿ ಹಿಡಿದು ನಿಂತಿರುತ್ತಿದ್ದರು. ಒಂದು ಸಲ ಇಂಟರ್ನಲ್ಸ್ ದಿನ ಬಸ್ ಸಿಗದೆ ಮುಕ್ಕಾಲು ಗಂಟೆ ತಡವಾಗಿ ಪರೀಕ್ಷೆಗೆ ಕೂತಿದ್ದೆ. ಅಂಕ ಹೋದದ್ದಕ್ಕಿಂತ, ಓದಿಕೊಂಡು ಹೋಗಿಯೂ ಬರೆಯಲಾಗಲಿಲ್ಲವಲ್ಲ ಅನ್ನೋದೇ ಜಾಸ್ತಿ ನೋವಾಯಿತು.

ಮುಂದಿನ ವರ್ಷ ಬ್ಯಾಂಕಿನಲ್ಲಿ ಪುಸ್ತಕದ ಬಿಲ್ ಕೇಳಿದರು. ₹4,800ಕ್ಕೆ ಚೀಟಿ ಇತ್ತು, ಉಳಿದದ್ದಕ್ಕೆ ಇರಲಿಲ್ಲ. ತಲೆ ತಗ್ಗಿಸಿ ನಿಂತೆ. ಈಗ ಯೋಚಿಸಿದರೆ, ಬಸ್ಸಿಗೆ ಖರ್ಚು ಮಾಡಿದ್ದು ತಪ್ಪು ಅನ್ನಿಸುವುದಿಲ್ಲ. ಪುಸ್ತಕದ ಹೆಸರಲ್ಲಿ ತಗೊಂಡು ಯಾರಿಗೂ ಹೇಳದೆ ಇದ್ದದ್ದು ತಪ್ಪು.

ಈ ಸೆಮಿಸ್ಟರಿನಿಂದ ನಾವು ಮೂವರು ಸೇರಿ ರೂಮ್ ಮಾಡಿದ್ದೇವೆ. ಬಾಡಿಗೆಯಲ್ಲಿ ನನ್ನ ಪಾಲು ₹2,000. ಅದಕ್ಕೇ ಇವತ್ತು ಅಪ್ಪನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಮೊದಲು ಅರ್ಜಿ ಹಾಕಿದಾಗ ಅಲ್ಲಿ ಫೀಸಿನ ಬಗ್ಗೆ ಮಾತ್ರ ಕೇಳಿದ್ದರು. ಊಟ, ವಸತಿಗೂ ಕೇಳಬಹುದು ಅಂತ ಯಾರೂ ಹೇಳಿರಲಿಲ್ಲ. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್‌ನ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಹಾಸ್ಟೆಲ್ ಶುಲ್ಕ ಸೇರಿದೆ. ಹೊರಗೆ ಇರಬೇಕಾಗಿ ಬಂದರೆ ಅದರ ವಸತಿ, ಊಟದ ಖರ್ಚನ್ನೂ ಮಿತಿಯಲ್ಲಿ ಪರಿಗಣಿಸಬಹುದು. ಇದು ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ.

ಬಸ್ಸಿನ ಕಥೆ ಬೇರೆ. ಆ ಯೋಜನೆಯಲ್ಲಿ ವಿದೇಶಕ್ಕೆ ಓದಲು ಹೋಗುವವರ ಪ್ರಯಾಣದ ಖರ್ಚಿದೆ, ಸ್ಟಡಿ ಟೂರ್ ಇದೆ. ಕೆಲವು ಬ್ಯಾಂಕಿನವರು ಸ್ಕೂಟರ್ ತಗೊಳ್ಳಲು ₹50,000ದವರೆಗೂ ಕೊಡುತ್ತಾರೆ. ಆದರೆ ಊರಿಂದ ದಿನಾ ಓಡಾಡುವವರ ಟಿಕೆಟ್ಟಿನ ಬಗ್ಗೆ ಒಂದು ಮಾತೂ ಇಲ್ಲ. ವಿಮಾನ ಹತ್ತುವವರಿಗೆ ಇರುವುದು ಬಸ್ ಹತ್ತುವವರಿಗೂ ಇರಬೇಕಿತ್ತು. ಹಳ್ಳಿಯಿಂದ ಬರುವ ಹುಡುಗ ಹುಡುಗಿಯರು ಕಾಲೇಜು ಬಿಡುವುದು ಎಷ್ಟೋ ಸಲ ಇಂಥ ಸಣ್ಣ ದುಡ್ಡಿಗೇ.

ಇವತ್ತು ಇದ್ದ ಮೇಡಂ ಒಳ್ಳೆಯವರು. ಕೂರಿಸಿ ವಿವರಿಸಿದರು. ನನ್ನ ನಾಲ್ಕು ವರ್ಷದ ಸಾಲ ಈಗ ₹2,60,000. ಮಿಕ್ಕ 24 ತಿಂಗಳ ಬಾಡಿಗೆ ₹48,000 ಸೇರಿಸಿದರೆ ₹3,08,000. 4 ಲಕ್ಷದ ಒಳಗೇ ಇರುವುದರಿಂದ ಆಸ್ತಿ ಅಡ ಇಡಬೇಕಿಲ್ಲ, ಮಾರ್ಜಿನ್ ಅಂತ ಖರ್ಚಿನ ಒಂದು ಪಾಲನ್ನು ನಮ್ಮ ಕೈಯಿಂದ ಹಾಕಬೇಕಿಲ್ಲ. ಅಪ್ಪ ಮತ್ತೆ ಸಹಿ ಮಾಡಬೇಕು. ಬಾಡಿಗೆ ಕರಾರು ಪತ್ರ ಮತ್ತು ಹಾಸ್ಟೆಲ್ ಸೀಟು ಸಿಕ್ಕಿಲ್ಲ ಅನ್ನೋ ಕಾಲೇಜಿನ ಪತ್ರ ಬೇಕು ಅಂದರು. ಊಟದ ಖರ್ಚು ಎಷ್ಟು ಅಂತ ನಾವೇ ಬರೆದು ತರಬೇಕಂತೆ.

ಬಡ್ಡಿ ಲೆಕ್ಕವನ್ನೂ ಕೇಳಿದೆ. ಓದುವಾಗ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಾ ಇರುತ್ತದೆ. ನೂರಕ್ಕೆ ಹತ್ತು ಅಂತ ಹಿಡಿದರೆ ಮೊದಲ ವರ್ಷದ ಶುರುವಿನಲ್ಲಿ ತಗೊಂಡ ₹100, ಕಂತು ಶುರುವಾಗುವ ಹೊತ್ತಿಗೆ ₹150. ಅಂದರೆ ಆ ₹3,200, ₹4,800 ಆಗಿರುತ್ತದೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದರೆ ಬಡ್ಡಿದರದಲ್ಲಿ ಒಂದು ಪರ್ಸೆಂಟ್ ಕಡಿಮೆ ಮಾಡಲು ಅವಕಾಶ ಇದೆ ಅಂದರು.

ಅಪ್ಪ ಅಲ್ಲಿ ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಬೆಣ್ಣೆ ದೋಸೆ ತಿನ್ನಲು ಕೂತೆವು. ಆಗಲೇ ₹3,200 ಕಥೆ ಹೇಳಿದ್ದು. ಬೈಯುತ್ತಾರೆ ಅಂದುಕೊಂಡಿದ್ದೆ. ತಟ್ಟೆ ನೋಡುತ್ತಾ ಕೂತರು. ಆಮೇಲೆ, "ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವೇನವ್ವ? ಮಧ್ಯಾಹ್ನ ಉಪವಾಸ ಇರ್ತಿದ್ಯಾ?" ಅಂದರು. ನನಗೆ ಗಂಟಲು ಕಟ್ಟಿತು.

ಸ್ವಲ್ಪ ಹೊತ್ತಿನ ನಂತರ ಅವರೇ ಶುರು ಮಾಡಿದರು. "ಬಾಡಿಗೆಗೆ ಸಾಲ ತಗೋ, ಬೇಡ ಅನ್ನಲ್ಲ. ಉಣ್ಣೋಕೂ ಸಾಲವೇನವ್ವ? ಜೋಳ, ಅಕ್ಕಿ, ಬೇಳೆ ನಾನು ತಂದು ಹಾಕ್ತೀನಿ."

ಮೆಕ್ಕೆಜೋಳ ಇನ್ನೂ ಹೊಲದಲ್ಲೇ ಇದೆ. ಅದು ಮನೆಗೆ ಬಂದು ಮಾರಾಟ ಆಗುವವರೆಗೆ ಅವರ ಕೈಯಲ್ಲಿ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಕೈಸಾಲ ಮಾಡುತ್ತಾರೆ. ಆ ಬಡ್ಡಿ ಬ್ಯಾಂಕಿನದಕ್ಕಿಂತ ಎಷ್ಟೋ ಜಾಸ್ತಿ. ಹೊಟ್ಟೆ ತುಂಬಿದ್ದರೆ ತಾನೆ ಓದು ತಲೆಗೆ ಹತ್ತುವುದು, ಊಟವೂ ಓದಿನ ಖರ್ಚೇ ಅಂದೆ. ಅಪ್ಪ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. ದೋಸೆಯ ದುಡ್ಡು ಕೊಡಲು ನಾನು ಫೋನ್ ತೆಗೆದರೆ ಕೈ ಅಡ್ಡ ಹಿಡಿದು, ಜೇಬಿಂದ ತಾವೇ ಕೊಟ್ಟರು.

ವಿದ್ಯಾಸಿರಿಗೂ ಅರ್ಜಿ ಹಾಕುತ್ತೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದವರು ಊಟ, ವಸತಿಗೆ ಅಂತ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡುತ್ತಾರೆ. ಅದು ಬಂದರೆ ಊಟಕ್ಕೆ ಸಾಲ ಕೇಳುವುದು ಸುಮಾರು ಕಡಿಮೆಯಾಗುತ್ತದೆ.

ಈಗ ರಾತ್ರಿ ಒಂಬತ್ತೂವರೆ. ಅಪ್ಪ ಊರು ಮುಟ್ಟಿದೆ ಅಂತ ಫೋನ್ ಮಾಡಿದರು. ಸೀಟು ಸಿಕ್ಕಿತಂತೆ. ಸಾಲದ ಮಾತು ಎತ್ತಲಿಲ್ಲ, ರೂಮಿನ ಬೀಗ ಗಟ್ಟಿ ಇದೆಯಾ ಅಂತ ಎರಡು ಸಲ ಕೇಳಿದರು. ಅರ್ಜಿ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಬಾಡಿಗೆ ಮುಂದೆ ₹48,000 ಅಂತ ಬರೆದಾಯಿತು. ಊಟದ ಜಾಗ ಇನ್ನೂ ಖಾಲಿ ಇದೆ. ಸೋಮವಾರ ಕಾಲೇಜಿನ ಪತ್ರ ತರುವಷ್ಟರಲ್ಲಿ ಅಪ್ಪನ ಹತ್ತಿರ ಇನ್ನೊಂದು ಸಲ ಮಾತಾಡಬೇಕು.